ಕೊಟ್ಟಿಗೆಯಲ್ಲಿರೋ ಹಳೇ ಯೆಜ್ಡಿ ಮನೇಲೇ ರೆಡಿ ಮಾಡ್ತೀರಾ? ಗ್ರೈಂಡರ್ ಹಿಡಿಯೋ ಮೊದಲು ಆರ್‌ಸಿ ಹುಡುಕಿ

ಹುಣಸೂರು: ತಾಲ್ಲೂಕಿನ ಯಾವ ಹಳ್ಳಿಗೆ ಹೋದ್ರೂ ಒಂದಲ್ಲ ಒಂದು ಮನೆಯ ಕೊಟ್ಟಿಗೆಯಲ್ಲೋ, ತಂಬಾಕು ಬ್ಯಾರನ್ ಪಕ್ಕದಲ್ಲೋ ಹಳೇ ಯೆಜ್ಡಿ ಒಂದು ಧೂಳು ಹಿಡಿದು ನಿಂತಿರುತ್ತೆ. ಟೈರ್ ಒಣಗಿ ಬಿರುಕು ಬಿಟ್ಟಿರುತ್ತೆ, ಸೀಟಿನ ಮೇಲೆ ಕೋಳಿ ಮಲಗಿರುತ್ತೆ. ಗುಜರಿಯವರು ಬಂದು ಕೆಜಿ ಲೆಕ್ಕದಲ್ಲಿ ಕೇಳ್ತಾರೆ. ಇತ್ತೀಚೆಗೆ ಹುಡುಗರೂ ಬಂದು ಕೇಳ್ತಿದ್ದಾರೆ. ಅವರಿಗೆ ಬೇಕಿರೋದು ಕಬ್ಬಿಣ ಅಲ್ಲ, ಓಡಿಸೋಕೆ ಗಾಡಿ.

ಇಂಥ ಒಂದು ಗಾಡಿ ನಮ್ಮ ಮನೇಲೂ ಇತ್ತು. ಅಪ್ಪ 1986ರಲ್ಲಿ ತಗೊಂಡ ರೋಡ್‌ಕಿಂಗ್. ಅಪ್ಪ ಹೋದ ಮೇಲೆ ಅದನ್ನ ಯಾರೂ ಮುಟ್ಟಿರಲಿಲ್ಲ. ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಫೀಸಿಗೆ ಅಂತ ಮಾರೋ ಮಾತೂ ಬಂದಿತ್ತು. ಕಾಲೇಜು ಹೇಗೂ ಬಿಟ್ಟೆ, ಗಾಡಿ ಉಳೀತು. ಮುಂದೆ ಒಂದೂವರೆ ವರ್ಷ ಮನೆ ಜಗಲಿ ಮೇಲೇ ಅದನ್ನ ಬಿಚ್ಚಿ ಜೋಡಿಸಿದೆ. ಆ ಅನುಭವದಲ್ಲಿ ಕಲಿತದ್ದು, ತಪ್ಪು ಮಾಡಿದ್ದು ಎರಡನ್ನೂ ಇಲ್ಲಿ ಬರೀತಿದ್ದೀನಿ.

ಇದು ನಮ್ಮ ಮೈಸೂರಿನ ಗಾಡಿ

ಗೊತ್ತಿಲ್ಲದವರಿಗೆ ಎರಡು ಮಾತು. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸೋಕೆ ಶುರು ಮಾಡ್ತು. 1973ರಿಂದ ಗಾಡಿಗಳ ಮೇಲೆ ಯೆಜ್ಡಿ ಅನ್ನೋ ಹೆಸರು ಬಂತು. ರೋಡ್‌ಕಿಂಗ್ 1978ರಲ್ಲಿ ಬಂದದ್ದು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಿಂದ ಮತ್ತೆ ಜಾವಾ, ಆಮೇಲೆ ಯೆಜ್ಡಿ ಹೆಸರಿನಲ್ಲಿ ಶೋರೂಮಿಗೆ ಬಂದಿರೋ ಗಾಡಿಗಳು ಫೋರ್ ಸ್ಟ್ರೋಕ್. ಅವುಗಳ ಎಂಜಿನ್ ಸ್ಪೇರ್ ಹಳೇ ಟೂ ಸ್ಟ್ರೋಕಿಗೆ ಹೊಂದಲ್ಲ. ಅಂಗಡಿಯಲ್ಲಿ ಬರೀ 'ಯೆಜ್ಡಿ' ಅಂತ ಕೇಳಿ ಮೋಸ ಹೋಗ್ಬೇಡಿ, ಮಾಡೆಲ್ ಹೇಳಿ.

ಮೊದಲ ಕೆಲಸ ಸ್ಪ್ಯಾನರ್‌ನದಲ್ಲ, ಕಾಗದದ್ದು

ನನ್ನ ತಲೇಲಿ ಮೊದಲು ಇದ್ದದ್ದು ಬಾಬರ್. ಹಿಂದಿನ ಫ್ರೇಮ್ ಕುಯ್ದು, ಒಂಟಿ ಸೀಟ್ ಹಾಕಿ, ಮೊಬೈಲಲ್ಲಿ ನೋಡಿದ ಹಾಗೆ ಮಾಡೋದು. ಗ್ರೈಂಡರ್ ಬಾಡಿಗೆಗೆ ತಂದೂ ಆಗಿತ್ತು. ಅಷ್ಟರಲ್ಲಿ ಪೇಟೆಯ ಹಳೇ ಮೆಕ್ಯಾನಿಕ್ ಒಬ್ಬರು ಮನೆಗೆ ಬಂದ್ರು. ನಾವೆಲ್ಲ ಅವರನ್ನ ಮಾಮ ಅಂತೀವಿ. ಗಾಡಿ ಸುತ್ತ ಒಂದು ಸುತ್ತು ಹಾಕಿ, "ಆರ್‌ಸಿ ಎಲ್ಲಪ್ಪಾ?" ಅಂದ್ರು. ನಾನು ಗೊತ್ತಿಲ್ಲ ಅಂದೆ. "ಕುಯ್ದ ಮೇಲೆ ಇದು ನಿಮ್ಮಪ್ಪನ ಗಾಡಿ ಅಂತ ಯಾರು ಒಪ್ತಾರೆ?" ಅಂದು, ಗ್ರೈಂಡರ್ ವೈರ್ ಸುತ್ತಿಟ್ಟು ಹೋದ್ರು.

ಅವರು ಹೇಳಿದ್ದು ಸುಮ್ನೆ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಫ್ರೇಮ್ ಕುಯ್ಯೋದು, ಬೇರೆ ಕಂಪನಿ ಎಂಜಿನ್ ಕೂರಿಸೋದು ಮಾಡಿದ್ರೆ ಗಾಡಿ ರೋಡಿಗೆ ತರೋ ಹಕ್ಕೇ ಹೋಗಬಹುದು. ಸೀಟ್ ಕವರ್, ಹ್ಯಾಂಡಲ್ ಗ್ರಿಪ್ ಥರದ ಸಣ್ಣಪುಟ್ಟದ್ದಕ್ಕೆ ತೊಂದರೆ ಇಲ್ಲ. ಬಣ್ಣ ಆರ್‌ಸಿಯಲ್ಲಿ ಬರೆದಿರುತ್ತೆ, ಹಾಗಾಗಿ ಬದಲಾಯಿಸಿದ್ರೆ ಆರ್‌ಟಿಒಗೆ ತಿಳಿಸಿ ಬರೆಸಿಕೊಳ್ಳಿ.

ಯಾವುದಕ್ಕೆ ಯಾವ ಫಾರಂ ಅಂತ ಸುಲಭವಾಗಿ ಹೇಳ್ತೀನಿ:

• ಮಾಲೀಕರು ತೀರಿಹೋಗಿದ್ರೆ ವಾರಸುದಾರರ ಹೆಸರಿಗೆ ಮಾಡಿಸೋಕೆ ಫಾರಂ 31. ಮರಣ ಪ್ರಮಾಣಪತ್ರ, ಮನೆಯ ಉಳಿದವರ ಒಪ್ಪಿಗೆ ಬೇಕು.
• ಬೇರೆಯವರಿಂದ ಕೊಂಡಿದ್ರೆ ಫಾರಂ 29 ಮತ್ತು 30. ಮಾರಿದವರ ಸಹಿ ಕೊಳ್ಳೋ ದಿನವೇ ಹಾಕಿಸಿಕೊಳ್ಳಿ.
• ಆರ್‌ಸಿ ಕಳೆದಿದ್ರೆ ಪೊಲೀಸ್ ದೂರು, ಆಮೇಲೆ ಫಾರಂ 26.
• 15 ವರ್ಷದ ಅವಧಿ ಮುಗಿದಿದ್ರೆ ನವೀಕರಣಕ್ಕೆ ಫಾರಂ 25. ಗಾಡಿಯನ್ನ ತಪಾಸಣೆಗೆ ತೋರಿಸ್ಬೇಕು. ಪಾಸಾದ್ರೆ 5 ವರ್ಷಕ್ಕೆ ಸಿಗುತ್ತೆ.

ಇನ್ನೊಂದು ವಿಷಯ. 'ಕೆಎ' ಶುರುವಾಗೋ ಮೊದಲಿನ ಮೂರಕ್ಷರದ ನಂಬರ್ ಮೊಬೈಲಲ್ಲಿ ಹೊಡೆದ್ರೆ ಎಷ್ಟೋ ಸಲ ಏನೂ ಬರಲ್ಲ. ಹಾಗಂತ ಗಾಡಿ ಕಥೆ ಮುಗೀತು ಅಂದ್ಕೋಬೇಡಿ. ಹಳೇ ರಿಜಿಸ್ಟರ್ ಕಂಪ್ಯೂಟರಿಗೆ ಏರದೇ ಇರಬಹುದು. ಗಾಡಿ ಮೊದಲು ನೋಂದಣಿಯಾದ ಆರ್‌ಟಿಒಗೆ ಹಳೇ ಆರ್‌ಸಿ ಪುಸ್ತಕ ತಗೊಂಡು ಹೋಗಿ, ಬ್ಯಾಕ್‌ಲಾಗ್ ಎಂಟ್ರಿ ಕೇಳಿ. ನಮ್ಮ ಆರ್‌ಸಿ ಅಮ್ಮನ ಟ್ರಂಕಿನಲ್ಲಿ, ಪಹಣಿ ಕಾಗದದ ಜೊತೆ ಸಿಕ್ತು. ಹ್ಯಾಂಡಲ್ ಕುತ್ತಿಗೆ ಹತ್ರ ಇರೋ ಚಾಸಿಸ್ ನಂಬರನ್ನೂ, ಎಂಜಿನ್ ಕೇಸಿನ ಮೇಲಿನ ನಂಬರನ್ನೂ ಸೀಮೆಎಣ್ಣೆ ಬಟ್ಟೇಲಿ ಒರೆಸಿ ಆರ್‌ಸಿ ಜೊತೆ ತಾಳೆ ನೋಡಿದೆ. ಸರಿ ಇತ್ತು. ಗ್ರೈಂಡರ್ ಅವತ್ತೇ ವಾಪಸ್ ಕೊಟ್ಟೆ.

'ವಿಂಟೇಜ್' ಅಂದ್ರೆ ಯಾವುದು?

ಹಳೇದೆಲ್ಲ ವಿಂಟೇಜ್ ಅಲ್ಲ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಇರೋ ಗಾಡಿ ಮಾತ್ರ ವಿಂಟೇಜ್. ಅದಕ್ಕೆ 'ವಿಎ' ಅಕ್ಷರ ಇರೋ ಬೇರೆ ನಂಬರ್ ಕೊಡ್ತಾರೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಚಾಲ್ತಿ. ಆದ್ರೆ ಆ ಗಾಡೀಲಿ ದಿನಾ ಸಂತೆಗೆ, ಹಾಲಿನ ಡೈರಿಗೆ ಹೋಗೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ ಥರದ್ದಕ್ಕೆ ಮಾತ್ರ. ನಮ್ಮ 1986ರ ರೋಡ್‌ಕಿಂಗ್ ಆ ಲೆಕ್ಕಕ್ಕೆ ಬರಲ್ಲ, ಅದಕ್ಕೆ ಮಾಮೂಲಿ ನವೀಕರಣವೇ ದಾರಿ.

ಬಿಚ್ಚೋದು ಸುಲಭ, ಜೋಡಿಸೋದು ಕಷ್ಟ

ಪ್ರತಿ ಬೋಲ್ಟ್ ಬಿಚ್ಚೋ ಮೊದಲು ಮೊಬೈಲಲ್ಲಿ ಫೋಟೋ ತೆಗೀರಿ. ಬಿಚ್ಚಿದ್ದನ್ನ ಖಾಲಿ ಹಾಲಿನ ಪ್ಯಾಕೆಟ್ ತೊಳೆದು ಅದರಲ್ಲಿ ಹಾಕಿ, ಚೀಟಿ ಬರೆದಿಡಿ. ಆರು ತಿಂಗಳಾದ ಮೇಲೆ ಯಾವ ನಟ್ ಎಲ್ಲಿಯದು ಅಂತ ದೇವರಿಗೂ ನೆನಪಿರಲ್ಲ.

ವರ್ಷಗಟ್ಟಲೆ ನಿಂತ ಎಂಜಿನ್ ಜಾಮ್ ಆಗಿರುತ್ತೆ. ಸುತ್ತಿಗೇಲಿ ಹೊಡೀಬೇಡಿ, ಕಿಕ್ಕರ್ ಮೇಲೆ ಎಗರಬೇಡಿ. ಪ್ಲಗ್ ತೆಗೆದು ಸಿಲಿಂಡರಿಗೆ ಸ್ವಲ್ಪ ಡೀಸೆಲ್ ಬಿಟ್ಟು ನಾಲ್ಕೈದು ದಿನ ಬಿಡಿ. ಆಮೇಲೆ ನಿಧಾನಕ್ಕೆ ಅಲುಗಾಡಿಸಿ. ರೀಬೋರ್ ಮಾಡಿಸೋದಾದ್ರೆ ಮೊದಲು ಪಿಸ್ಟನ್ ತನ್ನಿ. ಓವರ್‌ಸೈಜ್ ಪಿಸ್ಟನ್ 0.25 ಮಿಲಿಮೀಟರ್ ಹೆಜ್ಜೆಯಲ್ಲಿ ಬರುತ್ತೆ. ಕೈಯಲ್ಲಿರೋ ಪಿಸ್ಟನ್ ಅಳತೆಗೆ ಬೋರ್ ಕೊಡ್ಬೇಕು. ಮೊದಲು ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕಿದ್ರೆ ಸಿಲಿಂಡರ್ ವ್ಯರ್ಥ ಆಗಬಹುದು.

ನಾನು ಮಾಡಿದ ತಪ್ಪು ಕ್ರ್ಯಾಂಕ್ ಆಯಿಲ್ ಸೀಲ್ ಉಳಿಸಿದ್ದು. ನೋಡೋಕೆ ಚೆನ್ನಾಗಿದೆ ಅಂತ ಹಳೇದನ್ನೇ ಬಿಟ್ಟೆ. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸಿಗೆ ಬಂದು, ಅಲ್ಲಿಂದ ಮೇಲಕ್ಕೆ ಹೋಗುತ್ತೆ. ಸೀಲ್ ಗಟ್ಟಿಯಾಗಿ ಸೋರಿದ್ರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತೆ, ಪೆಟ್ರೋಲ್ ಜೊತೆ ಬರೋ ಆಯಿಲ್ ಸಾಲದೆ ಪಿಸ್ಟನ್ ಕಾದು ಹಿಡಿಯುತ್ತೆ. ನನಗೆ ಪಿರಿಯಾಪಟ್ಟಣ ರೋಡಿನಲ್ಲಿ ಹಾಗೇ ಆಯ್ತು. ಗಾಡಿ ತಳ್ಕೊಂಡು ಬಂದು ಎರಡನೇ ಸಲ ಬೋರ್ ಮಾಡಿಸಿದೆ. ಎರಡು ಸೀಲ್ ದುಡ್ಡು ಉಳಿಸೋಕೆ ಹೋಗಿ ಒಂದು ಪಿಸ್ಟನ್ ಕಳೆದೆ.

ಟ್ಯಾಂಕ್ ವಿಷಯದಲ್ಲಿ ಎಚ್ಚರ

ಟ್ಯಾಂಕ್ ಒಳಗಿನ ತುಕ್ಕಿಗೆ ಸಣ್ಣ ಜಲ್ಲಿ ಅಥವಾ ನಟ್ಟುಗಳನ್ನ ಹಾಕಿ ಚೆನ್ನಾಗಿ ಕುಲುಕಿ, ತೊಳೆದು ಒಣಗಿಸಿ. ತೂತಿದೆ ಅಂತ ಸೀದಾ ವೆಲ್ಡಿಂಗ್‌ಗೆ ಮಾತ್ರ ಕೊಡ್ಬೇಡಿ. ಖಾಲಿ ಟ್ಯಾಂಕಿನಲ್ಲಿ ಪೆಟ್ರೋಲ್ ಆವಿ ಉಳಿದಿರುತ್ತೆ, ಒಂದು ಕಿಡಿಗೆ ಸಿಡಿಯುತ್ತೆ. ಪ್ರಾಣ ಹೋಗೋ ಕೆಲಸ ಅದು. ಈ ಕೆಲಸ ಗೊತ್ತಿರೋ ರೇಡಿಯೇಟರ್, ಟ್ಯಾಂಕ್ ರಿಪೇರಿಯವರಿಗೇ ಕೊಡಿ.

ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತೆ. ಅದು ಹಳೇ ರಬ್ಬರ್ ಪೈಪನ್ನ ಹಾಳು ಮಾಡುತ್ತೆ, ನೀರನ್ನೂ ಎಳ್ಕೊಳ್ಳುತ್ತೆ. ಪೈಪ್, ವಾಷರ್ ಹೊಸದು ಹಾಕಿ. ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಟ್ಯಾಂಕ್ ಖಾಲಿ ಮಾಡಿ. ಲೀಟರಿಗೆ 40 ಮಿಲೀ ಟೂ ಟಿ ಆಯಿಲ್ ಮರೀಬೇಡಿ.

ಸ್ಪೇರ್‌ಗಿಂತ ಜನ ಮುಖ್ಯ

ಮೈಸೂರಿನ ಹಳೇ ಅಂಗಡಿಗಳಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದ್ರೆ ಸಾಮಾನು ಸಿಗುತ್ತೆ. ಆದ್ರೆ ನನ್ನ ಗಾಡಿ ಎದ್ದು ನಿಂತಿದ್ದು ಜನರಿಂದ. ಕಾರ್ಬೋರೇಟರ್ ಕೊಟ್ಟವರು ಮೈಸೂರಿನ ಬ್ಯಾಂಕ್ ನೌಕರರೊಬ್ಬರು. "ದುಡ್ಡು ಬೇಡಪ್ಪ, ನಿನ್ನ ಹತ್ರ ಎರಡು ಟೈಲ್ ಲೈಟ್ ಇದ್ರೆ ಒಂದು ಕೊಡು" ಅಂದ್ರು. ಮದುವೆ ಮನೆ ಲೈಟಿಂಗ್ ಮಾಡೋ ಅಣ್ಣ ಎರಡು ರಾತ್ರಿ ಕೂತು ವೈರಿಂಗ್ ಮಾಡಿದ. ಗಾಡಿ 6 ವೋಲ್ಟಿಂದು ಅಂತ ಹೇಳಿ, ನಾನು ತಂದಿದ್ದ 12 ವೋಲ್ಟ್ ಬಲ್ಬ್ ವಾಪಸ್ ಕಳಿಸಿದ್ದೂ ಅವನೇ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ. ಬೆಂಗಳೂರು, ಮೈಸೂರು ಕಡೆ ಗಾಡಿಯವರೆಲ್ಲ ಸೇರ್ತಾರೆ. ಗಾಡಿ ಇಲ್ಲದಿದ್ರೂ ಹೋಗಿ. ನಿಮಗೆ ಬೇಕಾದ ಪಾರ್ಟ್ ಯಾರ ಮನೆ ಅಟ್ಟದ ಮೇಲಿದೆ ಅಂತ ಅಲ್ಲೇ ಗೊತ್ತಾಗುತ್ತೆ.

ಗುಜರಿಗೆ ಹಾಕೋರಿಗೂ ಒಂದು ಮಾತು

ಅಂಗಡಿ ಹಿಂದೆ ಜಾಗ ಹಿಡಿದಿದೆ ಅಂತ ಗಾಡಿ ತೂಕಕ್ಕೆ ಹಾಕೋದಾದ್ರೂ ಆರ್‌ಟಿಒದಲ್ಲಿ ನೋಂದಣಿ ರದ್ದು ಮಾಡಿಸಿಯೇ ಹಾಕಿ. ಇಲ್ಲದಿದ್ರೆ ಕಾಗದದಲ್ಲಿ ನೀವೇ ಮಾಲೀಕರು. ಆ ನಂಬರ್ ಪ್ಲೇಟ್ ಬೇರೆ ಗಾಡಿಗೆ ಹತ್ತಿದ್ರೆ ಪೊಲೀಸರು ಬರೋದು ನಿಮ್ಮ ಬಾಗಿಲಿಗೇ.

ಫಾರಂ 31 ಆಗಿ, ಅಪ್ಪನ ಹೆಸರಿದ್ದ ಜಾಗದಲ್ಲಿ ಅಮ್ಮನ ಹೆಸರು ಬಂತು. ಇನ್ಶೂರೆನ್ಸ್, ಹೊಗೆ ತಪಾಸಣೆ ಮಾಡಿಸಿ ನವೀಕರಣಾನೂ ಆಯ್ತು. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಅದೇ ಕಿಕ್ಕರ್. ಇದನ್ನ ನನಗೆ ತೋರಿಸಿಕೊಟ್ಟಿದ್ದು ಅಮ್ಮ. ಮದುವೆಯಾದ ಹೊಸತರಲ್ಲಿ ಅಪ್ಪ ಅವಳಿಗೆ ತೋರಿಸಿದ್ರಂತೆ. ಈಗ ವಾರಕ್ಕೊಂದು ಸಲ ಅವಳನ್ನ ಹಿಂದೆ ಕೂರಿಸ್ಕೊಂಡು ಸಂತೆಗೆ ಹೋಗಿ ಬರ್ತೀನಿ.

ನಿಮ್ಮ ಕೊಟ್ಟಿಗೆಯಲ್ಲೂ ಒಂದಿದ್ರೆ ಇವತ್ತು ಸಂಜೆ ಟ್ರಂಕ್ ತೆಗೆದು ನೋಡಿ. ಆರ್‌ಸಿ ಸಿಕ್ರೆ ಅರ್ಧ ಕೆಲಸ ಆದ ಹಾಗೆ.