ಸಿಲಿಂಡರ್ ಸವೆತ: ಅಗ್ಗದ ರಕ್ಷಣೆ ಯಾವುದು?

ಗಾಳಿಯೊಡನೆ ಒಳನುಗ್ಗುವ ಧೂಳು, ಹಳತಾದ ತೈಲ, ತಣ್ಣಗಿರುವ ಎಂಜಿನ್‌ನ ಆರಂಭಿಕ ಓಟ. ಸಿಲಿಂಡರ್ ಸವೆಯಲು ಇವೇ ಮುಖ್ಯ ಕಾರಣಗಳು. ತಡೆಯುವ ಮಾರ್ಗಗಳು ಹಲವು, ವೆಚ್ಚದಲ್ಲಿ ಮಾತ್ರ ಅಜಗಜಾಂತರ.

ಚಾಲೂ ಮಾಡಿದೊಡನೆ ವೇಗ ಹೆಚ್ಚಿಸದೆ ಸಾಗುವುದಕ್ಕೆ ಖರ್ಚೇ ಇಲ್ಲ. ಏರ್ ಫಿಲ್ಟರ್ ಹಾಗೂ ತೈಲವನ್ನು ಸಕಾಲದಲ್ಲಿ ಬದಲಿಸುವುದು ಅಲ್ಪವೆಚ್ಚದ ಕ್ರಮ. ಉತ್ತಮ ತೈಲದಲ್ಲಿ ಸವೆತ ತಡೆಯುವ ರಾಸಾಯನಿಕಗಳು ಮೊದಲೇ ಇರುವುದರಿಂದ ಪ್ರತ್ಯೇಕ ದ್ರವ ಕೊಳ್ಳುವ ಅಗತ್ಯ ಸಾಮಾನ್ಯವಾಗಿ ಬಾರದು.

1967ರಲ್ಲಿ ಜರ್ಮನಿಯ ಮಾಹ್ಲೆ ಸಂಸ್ಥೆ ಪರಿಚಯಿಸಿದ ‘ನಿಕಾಸಿಲ್’ ಲೇಪನ ಹೆಚ್ಚು ಬಾಳುತ್ತದೆ. ಆದರೆ ಅದು ದುಬಾರಿ. ಹಾಳಾದರೆ ಮರುಲೇಪನ ಇಲ್ಲವೇ ಹೊಸ ಸಿಲಿಂಡರೇ ಗತಿ. ಎರಕದ ಕಬ್ಬಿಣದ ಸಿಲಿಂಡರನ್ನು ಸಾಮಾನ್ಯವಾಗಿ 0.25 ಅಥವಾ 0.50 ಮಿ.ಮೀ. ಹಿಗ್ಗಿಸಿ ದೊಡ್ಡ ಪಿಸ್ಟನ್ ಕೂಡಿಸಬಹುದು. ಅದಕ್ಕೂ ಎಂಜಿನ್ ಬಿಚ್ಚಲೇಬೇಕು.

ಫಿಲ್ಟರ್‌ನಲ್ಲಿ ಉಳಿಸಿದ ಹಣ ಕೊನೆಗೆ ರೀಬೋರಿಂಗ್ ಬಿಲ್ಲಿಗೆ ಸೇರುತ್ತದೆ.