ತಿರುಪು ಬಿಚ್ಚುವ ಮುನ್ನ

ಅಮೆರಿಕದ ಪೆನ್ಸಿಲ್ವೇನಿಯಾ, ವರ್ಮಾಂಟ್ ಸೀಮೆಯ ಎಷ್ಟೋ ಮನೆಗಳಲ್ಲಿ ಜಿಂಕೆ ಬೇಟೆಯ ಬಂದೂಕೆಂದರೆ ಅಜ್ಜನಿಂದ ಮೊಮ್ಮಗನಿಗೆ ಇಳಿದುಬರುವ ಆಸ್ತಿ. ಅಂಥವುಗಳಲ್ಲಿ ರೆಮಿಂಗ್ಟನ್ ಕಂಪನಿಯ ‘ಮಾಡೆಲ್ 14’ ಕೂಡ ಒಂದು. 1912ರಲ್ಲಿ ಬಂದ ಈ ಪಂಪ್ ರೈಫಲ್ ಮುಂದೆ ‘ಮಾಡೆಲ್ 141’ ಎಂಬ ಹೆಸರಿನಲ್ಲಿ ಸುಧಾರಣೆಗೊಂಡಿತು. 1950ರ ಹೊತ್ತಿಗೆ ಅದರ ತಯಾರಿಕೆಯೂ ನಿಂತಿತು. ಇಂದು ಕಾರ್ಖಾನೆಯ ಬಿಡಿಭಾಗ ಸಿಗದು. ಕುಶಲಕರ್ಮಿಗೆ ಕೊಟ್ಟರೆ ಕೂಲಿಯೇ ಬಂದೂಕಿನ ಬೆಲೆಯನ್ನು ಮೀರೀತು. ಹಾಗಾಗಿ ತುಕ್ಕು ಹಿಡಿದ ರೈಫಲನ್ನು ಮನೆಯ ಮೇಜಿನ ಮೇಲೆಯೇ ಬಿಚ್ಚಿ, ಒರೆಸಿ, ಜೋಡಿಸುವ ಹವ್ಯಾಸ ಅಲ್ಲಿ ಬೆಳೆದಿದೆ.

ಪಂಪ್ ರೈಫಲ್‌ನ ನಳಿಗೆಯ ಕೆಳಗೆ ಜಾರುವ ಮರದ ಹಿಡಿಯೊಂದಿರುತ್ತದೆ. ಅದನ್ನು ಹಿಂದಕ್ಕೆ ಎಳೆದರೆ ಖಾಲಿ ತೋಟಾ ಹೊರಬೀಳುತ್ತದೆ. ಮುಂದಕ್ಕೆ ತಳ್ಳಿದರೆ ಹೊಸತು ಒಳಸೇರುತ್ತದೆ. ದಟ್ಟ ಕಾಡಿನಲ್ಲಿ, ಹೆಗಲಿನಿಂದ ಬಂದೂಕು ಇಳಿಸದೆ ಎರಡನೆಯ ಗುಂಡು ಹಾರಿಸಲು ಇದು ಅನುಕೂಲ.

ಇದರ ವಿನ್ಯಾಸಕಾರ ಜಾನ್ ಪೆಡರ್ಸನ್. ಅವನ ಮುಂದೆ ಒಂದು ತೊಡಕಿತ್ತು. ಕೊಳವೆಯಂಥ ಮ್ಯಾಗಜಿನ್‌ನಲ್ಲಿ ತೋಟಾಗಳು ಒಂದರ ಹಿಂದೊಂದು ಕೂರುತ್ತವೆ. ಗುಂಡಿನ ಮೊನೆ ಚೂಪಾಗಿದ್ದರೆ ಅದು ಮುಂದಿನ ತೋಟಾದ ಬುಡದಲ್ಲಿರುವ, ಕಿಡಿ ಹೊತ್ತಿಸುವ ಪ್ರೈಮರ್‌ಗೆ ತಾಗಿ ನಿಲ್ಲುತ್ತದೆ. ಬಂದೂಕು ಸಿಡಿದಾಗ ಹಿಂದಕ್ಕೆ ಒದೆಯುವ ರಭಸಕ್ಕೆ ಕೊಳವೆಯೊಳಗೇ ತೋಟಾ ಸಿಡಿಯುವ ಅಪಾಯ. ಪೆಡರ್ಸನ್ ಕೊಳವೆಯ ಗೋಡೆಯನ್ನೇ ಸುರುಳಿಯಾಗಿ ತಿರುಚಿದ. ತೋಟಾಗಳು ತುಸು ಓರೆಯಾಗಿ ಕುಳಿತವು, ಮೊನೆ ಪ್ರೈಮರ್‌ಗೆ ತಾಗುವುದು ತಪ್ಪಿತು. ಹೊರಗಿನಿಂದ ಅಲಂಕಾರದಂತೆ ಕಾಣುವ ಆ ಸುರುಳಿಯ ಕೆಲಸ ಇದು. ಅದನ್ನು ನೆಗ್ಗಿದ ಕೊಳವೆಯೆಂದು ತಪ್ಪು ತಿಳಿದು ಸರಿಪಡಿಸಹೊರಟರೆ ರೈಫಲ್ ಕೆಟ್ಟಂತೆಯೇ.

ಕೆಲಸ ಶುರುವಾಗುವುದು ನಳಿಗೆ, ಮ್ಯಾಗಜಿನ್ ಎರಡೂ ಖಾಲಿ ಇವೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳುವುದರಿಂದ. ಮಾಡೆಲ್ 14 ಎರಡು ತುಂಡಾಗಿ ಬಿಚ್ಚಿಕೊಳ್ಳುವ ಜಾತಿಯದು. ಪಕ್ಕದ ದೊಡ್ಡ ತಿರುಪು ಸಡಿಲಿಸಿದರೆ ಹಿಂಭಾಗವೂ ಮುಂಭಾಗವೂ ಬೇರೆಯಾಗುತ್ತವೆ. ಇಲ್ಲಿಯೇ ಹೊಸಬರು ಎಡವುವುದು. ಸಾಮಾನ್ಯ ಸ್ಕ್ರೂಡ್ರೈವರ್‌ನ ತುದಿ ಬೆಣೆಯಾಕಾರದ್ದು. ತಿರುಪಿನ ಸೀಳಿನಿಂದ ಜಾರಿ ಅಂಚನ್ನು ಕಿತ್ತುಹಾಕುತ್ತದೆ. ಸೀಳಿಗೆ ಸರಿಯಾಗಿ ಕೂರುವಂತೆ ಮಸೆದ ತುದಿ ಬೇಕು. ಕಚ್ಚಿಕೊಂಡ ತಿರುಪಿಗೆ ಎಣ್ಣೆ ಬಿಟ್ಟು ರಾತ್ರಿಯಿಡೀ ಕಾಯುವ ತಾಳ್ಮೆ ಬೇಕು. ಕೊಳ್ಳುವವರು ಮೊದಲು ನೋಡುವುದೂ ತಿರುಪಿನ ತಲೆಗಳನ್ನೇ.

ನಳಿಗೆಯ ಒಳಗಿನ ತುಕ್ಕಿಗೂ ಒಂದು ಚರಿತ್ರೆಯಿದೆ. ಆಗಿನ ಪ್ರೈಮರ್‌ಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದು ಉಳಿಸುವ ಉಪ್ಪು ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಉಪ್ಪು ಕರಗುವುದು ನೀರಿನಲ್ಲಿ, ಎಣ್ಣೆಯಲ್ಲಲ್ಲ. ಬೇಟೆ ಮುಗಿದ ಮೇಲೆ ಬಿಸಿನೀರು ಹಾಯಿಸಿ ತೊಳೆದವರ ನಳಿಗೆ ಉಳಿಯಿತು. ಬರೀ ಎಣ್ಣೆ ಸವರಿದವರದು ಗುಳಿಬಿದ್ದಿತು. ಗುಳಿ ತುಂಬಿಸುವ ಉಪಾಯವಿಲ್ಲ.

ಹೊರಮೈಯ ತುಕ್ಕನ್ನು ಎಣ್ಣೆಯಲ್ಲಿ ಅದ್ದಿದ ನುಣುಪು ಉಕ್ಕಿನ ನಾರಿನಿಂದ ಮೆಲ್ಲಗೆ ತೆಗೆಯುತ್ತಾರೆ. ಮರಳು ಕಾಗದ ಹಿಡಿದರೆ ಕಂಪನಿಯ ಮುದ್ರೆಯೂ ಸವೆದುಹೋಗುತ್ತದೆ. ಕ್ರಮಸಂಖ್ಯೆ ಅಳಿಸುವುದಂತೂ ಅಮೆರಿಕದಲ್ಲಿ ಅಪರಾಧ. ಉಕ್ಕಿನ ನೀಲಿಗಪ್ಪು ಬಣ್ಣ ಪೂರ್ತಿ ಹೋಗಿದ್ದರೆ ತುಕ್ಕನ್ನೇ ಕಾವಲಿಗೆ ನಿಲ್ಲಿಸುವ ಹಳೆಯ ವಿಧಾನವಿದೆ: ದ್ರಾವಣ ಸವರಿ ತೆಳುವಾಗಿ ತುಕ್ಕು ಬರಿಸಿ, ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಕೆಂಪು ತುಕ್ಕು ಕಪ್ಪು ಆಕ್ಸೈಡ್ ಆಗುತ್ತದೆ. ಉಜ್ಜಿ, ಮತ್ತೆ ಸವರಿ, ಮತ್ತೆ ಕುದಿಸಿದಂತೆಲ್ಲ ನೀಲಿಗಪ್ಪು ಗಾಢವಾಗುತ್ತದೆ. ಆಕ್ರೋಟು ಮರದ ಹಿಡಿಯ ನೆಗ್ಗುಗಳು ಒದ್ದೆ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟರೆ ಹಬೆಗೆ ಉಬ್ಬಿ ಸಮವಾಗುತ್ತವೆ. ಕೊನೆಗೆ ಅಗಸೆ ಎಣ್ಣೆಯ ಲೇಪ.

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದೂಕು ದುರಸ್ತಿಯ ಕಸುಬಿಗೂ ಪರವಾನಗಿ ಬೇಕು. ಆದರೂ ಕೋವಿ ಒರೆಸುವ ಸಂಭ್ರಮವನ್ನು ಬಲ್ಲವರು ಕೊಡಗಿನವರು: ಕೈಲ್ ಮುಹೂರ್ತದ ಹಬ್ಬದಂದು ತೊಳೆದಿಟ್ಟ ಕೋವಿಯ ನಳಿಗೆಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುತ್ತಾರೆ.

ಮನೆಯಲ್ಲಿ ಹೀಗೆ ಹೊಳಪು ಬರಿಸಿದ ಹಳೆಯ ರೈಫಲನ್ನು ಮತ್ತೆ ಸಿಡಿಸುವ ಮುನ್ನ ತಜ್ಞನಿಗೆ ತೋರಿಸಲೇಬೇಕು. ಮನೆಯ ಮೇಜಿನ ಮೇಲೆ ತುಕ್ಕು ತೆಗೆಯಬಹುದು. ಬಂದೂಕು ಒತ್ತಡ ತಾಳುತ್ತದೆಯೇ ಎಂದು ಅಳೆಯುವ ಸಾಧನ ಅಲ್ಲಿರುವುದಿಲ್ಲ.