ತೆಂಗಿನ ಗರಿ ಕತ್ತರಿಸುವ ಯಂತ್ರ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಯಾವ ತೋಟಕ್ಕೆ ಹೋದರೂ ಬದುವಿನ ಮೇಲೆ ಒಣಗಿದ ಗರಿಯ ರಾಶಿ. ಹಿಂದೆ ಇವೆಲ್ಲ ಅಡಿಗೆ ಒಲೆಗೆ, ಹಂಡೆ ಒಲೆಗೆ ಆಗುತ್ತಿತ್ತು. ಮನೆಗೆ ಗ್ಯಾಸ್ ಒಲೆ ಬಂದ ಮೇಲೆ ಗರಿ ತೋಟದಲ್ಲೇ ಉಳಿಯಿತು. ಕೇಳಿದರೆ, “ಏನ್ ಮಾಡೋದು ಸ್ವಾಮಿ, ಬೆಂಕಿ ಹಾಕ್ತೀವಿ” ಅನ್ನುತ್ತೀರಿ.

ಒಂದು ಲೆಕ್ಕ ಹಾಕೋಣ. 30 ಅಡಿ ಅಂತರವಾದರೆ ಎಕರೆಗೆ 48 ಮರ. ಚೆನ್ನಾಗಿ ಬೆಳೆದ ಮರ ತಿಂಗಳಿಗೆ ಸುಮಾರು ಒಂದು ಗರಿ ಉದುರಿಸುತ್ತದೆ. ವರ್ಷಕ್ಕೆ ಎಕರೆಗೆ 570ರ ಮೇಲಾಯಿತು. ಅಷ್ಟೂ ನಿಮ್ಮ ನೆಲದ ಸಾರವೇ. ಸುಟ್ಟರೆ ಸಾರಜನಕ ಹೊಗೆಯಲ್ಲಿ ಹೋಗುತ್ತದೆ. ಬುಡದ ಹತ್ತಿರ ಸುಟ್ಟರೆ ಮೇಲ್ಬೇರು ಬೇಯುತ್ತದೆ. ಹಾಗೆಂದು ರಾಶಿ ಹಾಕಿ ಕೊಳೆಯಲು ಬಿಟ್ಟರೆ, ಸುಳಿ ಕೊರೆಯುವ ಕೊಂಬಿನ ದುಂಬಿ ಅದರಲ್ಲೇ ಮೊಟ್ಟೆ ಇಡುತ್ತದೆ.

ಇದಕ್ಕೆ ಟ್ರ್ಯಾಕ್ಟರಿನಿಂದ ನಡೆಯುವ ಯಂತ್ರವಿದೆ. ಟ್ರ್ಯಾಕ್ಟರಿನ ಹಿಂದಿರುವ ಪಿ.ಟಿ.ಓ. ಶಾಫ್ಟಿಗೆ ಅದನ್ನು ಜೋಡಿಸುತ್ತಾರೆ. ಒಳಗೆ ತಿರುಗುವ ಅಲಗುಗಳು ಗರಿ, ಎಡೆಮಟ್ಟೆ, ಬೇಲಿ ಸವರಿದ ಕೊಂಬೆ ಎಲ್ಲವನ್ನೂ ಚೂರು ಮಾಡುತ್ತವೆ. ನೆಲ ನೆನೆದಿರುವಾಗ ಈ ಚೂರನ್ನು ಬುಡದಿಂದ ಒಂದು ಗೇಣು ಬಿಟ್ಟು, ಸುತ್ತ 6 ಅಡಿಯವರೆಗೆ, 3 ಅಂಗುಲ ದಪ್ಪ ಹರಡಿ. ಮೇಲೆ ಸಗಣಿ ನೀರು ಚಿಮುಕಿಸಿ. ಬೇಸಿಗೆಯಲ್ಲಿ ತೇವ ಆರುವುದು ನಿಧಾನವಾಗುತ್ತದೆ, ಕಳೆಯೂ ಕಡಿಮೆ. ಎರೆಗೊಬ್ಬರದ ತೊಟ್ಟಿಗೂ ಇದು ಒಳ್ಳೆಯದು.

ಎರಡು ಎಚ್ಚರ. ಕಪ್ಪುತಲೆ ಹುಳು ಬಿದ್ದ ಗರಿಯನ್ನು ಮಾತ್ರ ಕೂಡಲೇ ಕಡಿದು ತೋಟದ ಹೊರಗೆ ಸುಡಿ. ಅಣಬೆ ರೋಗದಿಂದ ಸತ್ತ ಮರದ ಚೂರನ್ನು ಬೇರೆ ಮರದ ಬುಡಕ್ಕೆ ಹಾಕಬೇಡಿ.

ಇನ್ನು ಕೈಕಾಲಿನ ಮಾತು. ಪಿ.ಟಿ.ಓ. ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 9 ಸುತ್ತು. ಪಂಚೆಯ ಅಂಚೋ ಸೀರೆಯ ಸೆರಗೋ ಸಿಕ್ಕಿದರೆ “ಅಯ್ಯೋ” ಅನ್ನುವಷ್ಟರಲ್ಲಿ ಆಳನ್ನೇ ಎಳೆದುಕೊಳ್ಳುತ್ತದೆ. ಶಾಫ್ಟಿನ ಮೇಲೆ ಮುಚ್ಚಳವಿಲ್ಲದ ಯಂತ್ರವನ್ನು ತೋಟಕ್ಕೆ ಸೇರಿಸಬೇಡಿ. ಪಂಚೆ, ಸೆರಗು, ಹೆಗಲ ಮೇಲಿನ ಟವಲು ಯಾವುದೂ ಹತ್ತಿರ ಬರಬಾರದು. ಗರಿಯನ್ನು ಬುಡದ ಕಡೆಯಿಂದ ಕೊಡಿ. ಪಕ್ಕಕ್ಕೆ ನಿಂತು ಕೊಡಿ. ತುದಿ ಉಳಿದರೆ ಕೈಯಿಂದಾಗಲಿ ಕಾಲಿನಿಂದಾಗಲಿ ತಳ್ಳಬೇಡಿ, ಮುಂದಿನ ಗರಿಯೇ ಅದನ್ನು ತಳ್ಳುತ್ತದೆ. ಕಲ್ಲು, ತಂತಿ, ಮೊಳೆ ಇದೆಯೇ ಎಂದು ಮೊದಲೇ ನೋಡಿ. ಯಂತ್ರ ಸಿಕ್ಕಿಕೊಂಡರೆ ಇಂಜಿನ್ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿ, ಅಲಗು ಪೂರ್ತಿ ನಿಂತ ಮೇಲೆಯೇ ಮುಚ್ಚಳ ತೆಗೆಯಿರಿ. ಮಕ್ಕಳನ್ನು ದೂರ ಇಡಿ.

ಒಬ್ಬೊಬ್ಬರೇ ಯಂತ್ರ ಕೊಳ್ಳಬೇಕೆಂದಿಲ್ಲ. ಹೋಬಳಿಯ ಬಾಡಿಗೆ ಯಂತ್ರ ಕೇಂದ್ರದಲ್ಲಿ ವಿಚಾರಿಸಿ. ಅಕ್ಕಪಕ್ಕದ ನಾಲ್ಕು ತೋಟದವರು ಗರಿ ಕೂಡಿಹಾಕಿ ಒಂದೇ ದಿನ ತರಿಸಿದರೆ ಬಾಡಿಗೆ ಹಗುರವಾಗುತ್ತದೆ. ಕೋನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಗೊಬ್ಬರದ ಬಗ್ಗೆ ಸಲಹೆ ಕೇಳಬಹುದು.

ಈ ವರ್ಷ ಒಂದು ಸಾಲಿಗಾದರೂ ಮಾಡಿ ನೋಡಿ. ಬೇಸಿಗೆಯಲ್ಲಿ ಆ ಸಾಲಿನ ಮಣ್ಣನ್ನೂ ಪಕ್ಕದ ಸಾಲಿನ ಮಣ್ಣನ್ನೂ ಕೈಯಲ್ಲಿ ಹಿಡಿದು ನೋಡಿ. ಮಣ್ಣೇ ನಿಮಗೆ ಹೇಳುತ್ತದೆ.